ಪರದೆಯನ್ನು ಸುಮ್ಮನಿರಗೊಡದ ಷಡ್ಡಕ

ನನ್ನ ಷಡ್ಡಕನ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಒಂದು ಶಿಕ್ಷೆ. ಎಡಬದಿಯ ಕಾಲುದಾರಿಯಲ್ಲಿ ಹೊರಟವನಿಗೆ ನಾಲ್ಕು ಹೆಜ್ಜೆ ಹಾಕುವುದರೊಳಗೆ ಬಲಬದಿಯದು ಹೆಚ್ಚು ಸಮತಟ್ಟಾಗಿ ಕಾಣುತ್ತದೆ. ವಾಹನಗಳ ನಡುವೆ ನುಸುಳಿ, ಚಾಲಕರಿಂದ ಬೈಸಿಕೊಂಡು ಆ ಬದಿ ಸೇರಿದ ಮೇಲೆ ಅಲ್ಲಿ ನೆರಳು ಸಾಲದೆಂಬುದು ಹೊಳೆಯುತ್ತದೆ. ಮರಳಿ ಬರುವಾಗ ದಾರಿಯ ನಡುವೆಯೇ ನಿಂತು, ಎರಡು ಬದಿಗಳನ್ನೂ ಸಮದೃಷ್ಟಿಯಿಂದ ಅವಲೋಕಿಸಿ, ಹಿಂದಿನ ಬೀದಿಯಲ್ಲೇ ಹೋಗಿದ್ದರೆ ವಾಸಿಯಿತ್ತೆಂದು ತೀರ್ಮಾನಿಸುತ್ತಾನೆ. ಎತ್ತರದ ಆಳು, ತಲೆಯನ್ನು ತುಸು ಓರೆಮಾಡಿಕೊಂಡು ಉದ್ದನೆಯ ಕಾಲುಗಳನ್ನು ಬೀಸಿ ನಡೆಯುವ ಅವನನ್ನು ದೂರದಿಂದ ಕಂಡವರು ಯಾವುದೋ ಮಹತ್ಕಾರ್ಯಕ್ಕೆ ಹೊರಟಿದ್ದಾನೆಂದುಕೊಳ್ಳಬೇಕು. ಹೊರಟಿರುವುದೇನೋ ನಿಜ, ತಲುಪುವುದು ಅಪರೂಪ. ನಾನು ಮಾವನ ಮನೆಯ ಹಿರಿಯ ಅಳಿಯ, ಅವನು ಕಿರಿಯವನು. ಆದ್ದರಿಂದ ಅವನನ್ನು ತಿದ್ದುವ ಅಧಿಕಾರ ನನಗಿದೆಯೆಂದು ಬಹುಕಾಲ ನಂಬಿದ್ದೆ.

ವೃತ್ತಿಯಲ್ಲಿ ಅವನು ಕಣ್ಣು ಪರೀಕ್ಷಿಸುವವನು. ಕನ್ನಡಕದಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತ, "ಹೀಗೆ ಚೆನ್ನಾಗಿದ್ಯಾ, ಹೀಗಾ?" ಎಂದು ದಿನವಿಡೀ ಕೇಳುವುದೇ ಅವನ ಕಾಯಕ. ಅಲ್ಲಿ ಅವನನ್ನು ಮೀರಿಸುವವರಿಲ್ಲ. ಎದುರಿಗೆ ಕುಳಿತವರು "ಸಾಕು, ಇದೇ ಇರ್ಲಿ" ಎಂದೊಡನೆ ಗಾಜು ನಿಲ್ಲುತ್ತದೆ, ಚೀಟಿ ಬರೆಯಲಾಗುತ್ತದೆ, ಕೆಲಸ ಮುಗಿಯುತ್ತದೆ. ತೊಂದರೆಯಿರುವುದು ಮನೆಗೆ ಬಂದ ಮೇಲೆ. ಅಲ್ಲಿ ಕೇಳುವವನೂ ಅವನೇ, ಉತ್ತರ ಹೇಳಬೇಕಾದವನೂ ಅವನೇ. ಹಾಗಾಗಿ ಸಾಕು ಎಂಬ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ಅವನ ಗಣಕದಲ್ಲಿರುವುದು ಲಿನಕ್ಸ್. ಅದನ್ನು ಅರಿಯದವರಿಗೆ ನಾನು ಅರಿತಷ್ಟು ಹೇಳುತ್ತೇನೆ, ಅದೂ ಕೇಳಿ ಕೇಳಿ ಕಿವಿ ತೂತಾಗಿ ಅರಿತದ್ದು. ಅಲ್ಲಿ ಯಂತ್ರದ ಒಡಲು ಬೇರೆ, ಮುಖ ಬೇರೆ. ಗಡಿಯಾರ ಯಾವ ಮೂಲೆಯಲ್ಲಿರಬೇಕು, ಕಿಟಕಿಗಳು ಎಲ್ಲಿ ತೆರೆಯಬೇಕು, ಅವನ್ನು ಮುಚ್ಚುವ ಗುಂಡಿ ಎಡಕ್ಕೋ ಬಲಕ್ಕೋ, ಇವನ್ನೆಲ್ಲ ನಿರ್ಧರಿಸುವ ಆ ಮುಖವನ್ನು ಡೆಸ್ಕ್‌ಟಾಪ್ ಎನ್ನುತ್ತಾರೆ. ಅಷ್ಟೆಲ್ಲ ಅಲಂಕಾರ ಬೇಡವೆಂದು ಕಳಚಿಟ್ಟು, ಕಿಟಕಿಗಳನ್ನು ಜೋಡಿಸುವ ಮೇಸ್ತ್ರಿಯೊಬ್ಬನನ್ನು ಮಾತ್ರ ಉಳಿಸಿಕೊಂಡರೆ ಅವನೇ ವಿಂಡೋ ಮ್ಯಾನೇಜರ್. ಇಂಥ ಮುಖಗಳೂ ಮೇಸ್ತ್ರಿಗಳೂ ಲೆಕ್ಕವಿಲ್ಲದಷ್ಟಿವೆ, ಎಲ್ಲವೂ ಪುಕ್ಕಟೆ, ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ನನ್ನ ಷಡ್ಡಕನಂಥವನ ಕೈಗೆ ಈ ಸ್ವಾತಂತ್ರ್ಯವನ್ನು ಕೊಟ್ಟವರ ವಿವೇಕದ ಬಗ್ಗೆ ನನಗೆ ಇಂದಿಗೂ ಸಂದೇಹವಿದೆ. ಮೊದಲು ಗ್ನೋಮ್ ಎಂಬ ಮುಖ ಹಾಕಿಕೊಂಡು ಕೆಲವು ವಾರ ಅದರ ಸರಳತೆಯನ್ನು ಕೊಂಡಾಡಿದ. ಆಮೇಲೆ, ಅದು ಹೆಚ್ಚೇನನ್ನೂ ಬದಲಿಸಗೊಡದ್ದರಿಂದ, "ಇದು ನಮ್ಮನ್ನ ನಂಬೋದೇ ಇಲ್ಲ ಭಾವ" ಎಂದು ದೂರಿ ಕೆಡಿಇಗೆ ಹೋದ. ಅಲ್ಲಿ ಬದಲಿಸಲು ಅವಕಾಶವಿರುವುದನ್ನೆಲ್ಲ ಬದಲಿಸಿ ಬಳಲಿ, ಅದು ನಮ್ಮನ್ನು ಅತಿಯಾಗಿ ನಂಬುತ್ತದೆಂದ. ಎಕ್ಸ್‌ಎಫ್‌ಸಿಇ ಒಂದರಲ್ಲಿ ನೆಮ್ಮದಿಯಾಗಿರುವಂತೆ ಕಂಡಾಗ ಮನೆಮಂದಿ ನಿಟ್ಟುಸಿರು ಬಿಟ್ಟರು. ಆದರೆ ನೆಮ್ಮದಿಯೇ ಅವನಿಗೆ ಒಗ್ಗಲಿಲ್ಲ. ಪ್ರತಿ ಬದಲಾವಣೆಯ ಕೊನೆಗೆ ಎರಡು ಕೈಗಳನ್ನೂ ಕೊಡವಿ "ಇದೇ ಕೊನೆ" ಎನ್ನುವುದು ಅವನ ಪದ್ಧತಿ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಏನೆಂದು ನೋಡಬೇಕಾದವರು ಅವನ ಮನೆಗೆ ಹೋಗಬೇಕು.

ಅದೇ ಗಣಕದಲ್ಲಿ ನನ್ನ ನಾದಿನಿ, ಅಂದರೆ ಅವನ ಹೆಂಡತಿ, ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸಬೇಕು. ನಿನ್ನೆ ಮೇಲಿದ್ದ ಪಟ್ಟಿ ಇಂದು ಕೆಳಗಿರುತ್ತದೆ, ನಾಳೆ ಇರುವುದೇ ಇಲ್ಲ. "ಬೆಳಿಗ್ಗೆ ಎದ್ದು ನೋಡಿದ್ರೆ ಅಡುಗೆಮನೆ ಮಹಡಿ ಮೇಲೆ ಹೋಗಿರುತ್ತೆ ಅಂದ್ಕೊಳ್ಳಿ, ಹಾಗಿದೆ ನನ್ನ ಪಾಡು" ಎಂದು ಅವಳು ಒಮ್ಮೆ ನನ್ನ ಬಳಿ ಹೇಳಿಕೊಂಡಳು. ನಾನು ಅವಳ ಪರವಾಗಿ ಪಂಚಾಯಿತಿಗೆ ಹೋದೆ. ಅವನು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ತಲೆ ಓರೆಮಾಡಿ, ಅವಳ ಕಷ್ಟಕ್ಕೆ ತಕ್ಕದಾದ ಇನ್ನೊಂದು ಡೆಸ್ಕ್‌ಟಾಪ್ ಇದೆಯೆಂದ.

ನನ್ನ ಗಣಕವೂ ಅವನ ಕೈಯಿಂದ ಪಾರಾಗಲಿಲ್ಲ. ಮುದ್ರಣಯಂತ್ರ ಕೈಕೊಟ್ಟಿದೆ, ನೋಡಪ್ಪಾ ಎಂದದ್ದಷ್ಟೇ ನನ್ನ ತಪ್ಪು. ಊಟದ ಹೊತ್ತಿಗೆ ಬಂದವನು ಸಂಜೆಯವರೆಗೆ ಕುಳಿತು, ಕೈ ಕೊಡವಿ ಎದ್ದು ಹೋದ. ಮುದ್ರಣಯಂತ್ರ ಹೇಗಿತ್ತೋ ಹಾಗೇ ಇತ್ತು. ಆದರೆ ಪರದೆಯ ಮೇಲೆ ಒಂದು ಗುಂಡಿಯೂ ಇರಲಿಲ್ಲ, ಏನು ಮಾಡಬೇಕಾದರೂ ಮೂರು ಕೀಲಿಗಳನ್ನು ಒಟ್ಟಿಗೆ ಅದುಮಬೇಕಿತ್ತು, ಮತ್ತು ಯಂತ್ರವನ್ನು ಆರಿಸುವ ಬಗೆ ತಿಳಿಯದೆ ನಾನು ಗೋಡೆಯಿಂದ ತಂತಿಯನ್ನೇ ಕಿತ್ತೆ. ಫೋನು ಮಾಡಿ ಬೈದರೆ, ಕೈಗೆ ಅಭ್ಯಾಸವಾಗಲು ಸ್ವಲ್ಪ ಕಾಲ ಬೇಕೆಂದು ನನಗೇ ಸಮಾಧಾನ ಹೇಳಿದ.

ತೋಳಿಲ್ಲದ ಒಂದು ಕೋಟನ್ನು ಅವನು ಸದಾ ತೊಡುತ್ತಾನೆ. ಬಣ್ಣಗೆಟ್ಟ ದಪ್ಪ ಬಟ್ಟೆ, ಒಳಗೂ ಹೊರಗೂ ಜೇಬು. ಜೇಬುಗಳ ತುಂಬ ಬಣ್ಣಬಣ್ಣದ ದಾರ ಕಟ್ಟಿದ ಪೆನ್‌ಡ್ರೈವ್‌ಗಳು, ಒಂದೊಂದರಲ್ಲಿ ಒಂದೊಂದು ಮುಖ. ನಡೆದರೆ ಬೀಗದ ಕೈ ಗೊಂಚಲಿನಂತೆ ಸದ್ದಾಗುತ್ತದೆ. ನಮ್ಮ ಮಾವನವರು ಆಸ್ಪತ್ರೆ ಸೇರಿದ ದಿನವೂ ಆ ಸದ್ದಿನಿಂದಲೇ ಇವನು ಬಂದನೆಂದು ನಮಗೆಲ್ಲ ತಿಳಿದದ್ದು.

ಮಾವನವರು ವಕೀಲರಾಗಿದ್ದವರು. ನ್ಯಾಯಾಧೀಶರನ್ನೇ ಮಧ್ಯದಲ್ಲಿ ತಡೆದು ಮಾತಾಡಿದವರು; ಮನೆಯಲ್ಲಂತೂ ಅವರೆದುರು ನಮ್ಮಲ್ಲಿ ಯಾರೂ ಒಂದು ವಾಕ್ಯವನ್ನು ಪೂರ್ತಿ ಮಾಡಿದ್ದಿಲ್ಲ. ಪಾರ್ಶ್ವವಾಯು ಬಡಿದು ಅವರ ಬಲಗೈ ಬಿತ್ತು, ನಾಲಿಗೆ ಹೊರಳದಾಯಿತು, ಎರಡು ಕಣ್ಣುಗಳಿಗೂ ಬಲ ಅರ್ಧದ ನೋಟ ಅಳಿಸಿಹೋಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಹರಿತವಾಗಿತ್ತೆಂಬುದು ವೈದ್ಯರು ಹೇಳಿದ ಸಮಾಧಾನದ ಸಂಗತಿ. ನನಗದು ಎಲ್ಲಕ್ಕಿಂತ ಕ್ರೂರವಾಗಿ ಕಂಡಿತು. ಬಂದವರೆಲ್ಲ ಅವರ ಕಿವಿಯ ಬಳಿ ಬಾಗಿ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುವರು. ಅವರು ಕಣ್ಣು ಮುಚ್ಚಿಕೊಳ್ಳುವರು. ಎಡಗೈಗೆ ಲೇಖನಿ ಕೊಟ್ಟರೆ ಗೀಚಿದ್ದು ಅವರಿಗೇ ಓದಲಾಗುತ್ತಿರಲಿಲ್ಲ.

ಅವರನ್ನು ಮನೆಗೆ ಕರೆತಂದ ಮೇಲೆ ಷಡ್ಡಕ ಒಂದು ಹಳೆಯ ಗಣಕ ಹೊತ್ತು ತಂದು ಅವರ ಮಂಚದ ಬಳಿ ಇಟ್ಟಾಗ ನಾನು ಗದರಿದೆ, ಇಲ್ಲೂ ನಿನ್ನ ಆಟವೇ ಎಂದು. ಅವನು ಗೋಡೆಗೆ ತಂತಿ ಸಿಕ್ಕಿಸಿದ. ಕಿಟಕಿಗಳನ್ನು ಒಂದರ ಮೇಲೊಂದು ಬೀಳಗೊಡದೆ ಅಕ್ಕಪಕ್ಕ ನೆಲದ ಹಾಸುಗಲ್ಲಿನಂತೆ ಜೋಡಿಸುವ ಒಂದು ಮೇಸ್ತ್ರಿಯನ್ನು ಅದಕ್ಕೆ ಆರಿಸಿದ್ದ. ಪರದೆಯ ಎಡ ಅರ್ಧದಲ್ಲಿ ದೊಡ್ಡ ಅಕ್ಷರಗಳ ಒಂದೇ ಒಂದು ಕಿಟಕಿ. ಅದರ ಮೇಲೆ ಏನೂ ಬಂದು ಕೂರುವಂತಿಲ್ಲ, ಅದು ಸರಿದು ಹೋಗುವಂತಿಲ್ಲ. ಯಂತ್ರ ಹೊತ್ತಿಸಿದರೆ ನೇರವಾಗಿ ಅಲ್ಲಿಗೇ ಬರುವುದು. ಎಡಗೈಯಿಂದ ಕುಟ್ಟಿ, ಮೂಲೆಯ ಕೀಲಿಯೊಂದನ್ನು ಅದುಮಿದರೆ ಬರೆದದ್ದನ್ನು ಯಂತ್ರ ಏರಿಳಿತವಿಲ್ಲದ ಧ್ವನಿಯಲ್ಲಿ ಓದಿ ಹೇಳುವುದು. ಮಾವನವರು ಕೆಲವು ದಿನ ತಡಕಾಡಿದರು. ಒಂದು ಮಧ್ಯಾಹ್ನ ನಾವೆಲ್ಲ ಸುತ್ತ ಕುಳಿತಿದ್ದಾಗ ಯಂತ್ರ ಮಾತಾಡಿತು: "ನನ್ನನ್ನು ಮಗುವಿನ ಹಾಗೆ ಮಾತಾಡಿಸಬೇಡಿ." ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಷಡ್ಡಕ ಕೈ ಕೊಡವಿ, ಇದೇ ಕೊನೆ ಎಂದ.

ಅವನು ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಬರಹವನ್ನು ಬೇರೆ ಧಾಟಿಯಲ್ಲಿ ಬರೆಯುತ್ತಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಮಾವನವರ ಹಳೆಯ ಜೊತೆಗಾರ ವಕೀಲರೊಬ್ಬರು ಬರುವುದಾಗಿ ಹೇಳಿ ಕಳಿಸಿದ್ದರು. ಇಬ್ಬರೂ ಒಂದೇ ಕಚೇರಿಯಲ್ಲಿ ಕೆಲಸ ಆರಂಭಿಸಿದವರು. ಯಾವುದೋ ಒಂದು ಮೊಕದ್ದಮೆಯ ವಿಷಯದಲ್ಲಿ ಮನಸ್ಸು ಮುರಿದು, ಎದುರುಬದುರು ನಿಂತು ವಾದಿಸಿದ್ದು ಬಿಟ್ಟರೆ ವರ್ಷಗಟ್ಟಲೆ ಮಾತಿರಲಿಲ್ಲ. ಮಾವನವರು ವಾರವಿಡೀ ಏನನ್ನೋ ಬರೆಯುತ್ತ, ಅಳಿಸುತ್ತ ಇದ್ದರು. ಸಮಯ ಬಂದಾಗ ತಾವೇ ಕುಟ್ಟಿ ಹೇಳುವುದಾಗಿ ತಿಳಿಸಿ, ನಾವು ಇಣುಕದಂತೆ ಎಲ್ಲವನ್ನೂ ಒರೆಸಿಹಾಕಿದರು.

ಅತಿಥಿ ಬರುವ ಹಿಂದಿನ ದಿನ ಷಡ್ಡಕನಿಗೆ ಯಂತ್ರ ನಿಧಾನವೆನಿಸಿತು. ಅದಕ್ಕಿಂತ ಚುರುಕಾದ, ಹೊಚ್ಚಹೊಸ ವಿಂಡೋ ಮ್ಯಾನೇಜರ್ ಒಂದು ಅವನ ಜೇಬಿನಲ್ಲಿತ್ತು. ಮಾವನವರು ಮಲಗಿದ್ದಾಗ ಅದನ್ನು ಹಾಕಿ, ತಾನೇ ಎದುರು ಕುಳಿತು ಪರೀಕ್ಷಿಸಿ, ಸೊಗಸಾಗಿದೆಯೆಂದು ಮೆಚ್ಚಿ ಹೋದ. ಕಣ್ಣಿನ ವಿದ್ಯೆಯನ್ನೇ ಉಂಡು ಬದುಕುವವನು ತನ್ನ ಎರಡು ಪೂರ್ಣ ಕಣ್ಣುಗಳಿಂದ ನೋಡಿ ಮೆಚ್ಚಿದ! ಹೊಸ ಮೇಸ್ತ್ರಿ ಕಿಟಕಿಯನ್ನು ಪರದೆಯ ನಟ್ಟನಡುವೆ ತೆರೆಯುತ್ತಿದ್ದ. ಪದಗಳ ಬಾಲವೆಲ್ಲ ಮಾವನವರಿಗೆ ಕಾಣದ ಬದಿಯಲ್ಲಿ. ಮಾತಾಡಿಸುವ ಕೀಲಿಯ ಅಪ್ಪಣೆ ಹಳೆಯ ಮೇಸ್ತ್ರಿಯ ಬಳಿಯಲ್ಲಿತ್ತು, ಅವನೊಡನೆ ಅದೂ ಹೋಗಿತ್ತು.

ಅತಿಥಿ ಬಂದರು, ಕುರ್ಚಿ ಎಳೆದುಕೊಂಡು ಕುಳಿತರು. ಮಾವನವರ ಎಡಗೈ ಕೀಲಿಗಳ ಮೇಲೆ ಹೋಯಿತು. ಮೂಲೆಯ ಕೀಲಿಯನ್ನು ಅದುಮಿದರು; ಸದ್ದಿಲ್ಲ. ಮತ್ತೆ ಅದುಮಿದರು. ಆಮೇಲೆ ಮುಷ್ಟಿಯಿಂದ ಗುದ್ದಿದರು. ನಾನು ನನಗೆ ತಿಳಿದದ್ದನ್ನೆಲ್ಲ ಒತ್ತಿ ನೋಡಿದೆ, ತಿಳಿದದ್ದೇ ಅಷ್ಟರಲ್ಲಿತ್ತು. ಷಡ್ಡಕ ಅಂಗಡಿಯ ಕತ್ತಲೆ ಕೋಣೆಯಲ್ಲಿದ್ದ, ಫೋನು ಎತ್ತಲಿಲ್ಲ. ಅತಿಥಿ ಪಾಪ ಏನು ಮಾಡಿಯಾರು, ಮಾವನವರ ಕೈ ಸವರಿ, ಕಿವಿಯ ಬಳಿ ಬಾಗಿ ಜೋರಾಗಿ, ಬಿಡಿಸಿ ಬಿಡಿಸಿ, ಎಲ್ಲಾ ಸರಿಹೋಗುತ್ತದೆಂದು ಹೇಳಿ ಹೊರಟುಹೋದರು.

ಸಂಜೆ ಬಂದವನನ್ನು ನಾನು ಬಾಗಿಲಲ್ಲೇ ತಡೆದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೋಟನ್ನೂ ಕಳಚದೆ ಹೋಗಿ, ಹೊಸದನ್ನು ಕಿತ್ತು, ಹಳೆಯದನ್ನು ಮರಳಿ ನಿಲ್ಲಿಸಿದ. ಮಾವನವರು ಒಂದೇ ಪದ ಕುಟ್ಟಿದರು. "ಮುಟ್ಟಬೇಡ" ಎಂದಿತು ಯಂತ್ರ.

ಅವನು ಮುಟ್ಟಲಿಲ್ಲ. ಅದನ್ನಷ್ಟೇ ಅಲ್ಲ, ತನ್ನ ಮನೆಯದನ್ನೂ ಮುಟ್ಟಲಿಲ್ಲ. ಗಡಿಯಾರ ಇದ್ದಲ್ಲೇ ಇದೆ, ಪಟ್ಟಿ ಇದ್ದಲ್ಲೇ ಇದೆ ಎಂದು ನಾದಿನಿ ಗಾಬರಿಯಿಂದ ತನ್ನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ವರದಿ ಮಾಡಿದಳು. ನಾನು ಜೊತೆಗೆ ಹೋದ ಒಂದು ದಿನ ಎಡಬದಿಯ ಕಾಲುದಾರಿಯಲ್ಲೇ ಕೊನೆಯ ತನಕ ತಲೆ ತಗ್ಗಿಸಿ ನಡೆದ. ನಾನು ಬೇಡಿಕೊಂಡದ್ದು ಇದನ್ನೇ ಆದರೂ ನೋಡಲು ಹಿಂಸೆಯಾಯಿತು.

ಅಷ್ಟರಲ್ಲಿ ಆ ವಕೀಲರು ಇನ್ನೊಮ್ಮೆ ಬರುವ ಸುದ್ದಿ ಬಂತು. ಮಾವನವರಿಗೆ ಹೇಳಬೇಕಾದ ಮಾತು ಉದ್ದದ್ದು; ದೊಡ್ಡ ಅಕ್ಷರದಲ್ಲಿ ಎರಡನೆಯ ಸಾಲು ಕುಟ್ಟುವಾಗ ಮೊದಲನೆಯದು ಮೇಲೆ ಸರಿದು ಮರೆಯಾಗುತ್ತಿತ್ತು, ಮಾತಿನ ಎಳೆ ತಪ್ಪುತ್ತಿತ್ತು. ಕಿಟಕಿಯನ್ನು ಸರಿಪಡಿಸಿಕೊಡು ಎಂದು ಷಡ್ಡಕನನ್ನು ಕರೆಸಿ ಯಂತ್ರದಿಂದ ಹೇಳಿಸಿದರು. ಅವನು ಗೋಡೆಗಂಟಿ ನಿಂತ. "ಬೇಡ ಮಾವ. ಇದ್ದ ಹಾಗೇ ಇರ್ಲಿ." ನನಗೆ ಮೈ ಉರಿದುಹೋಯಿತು. ಬೇಡವೆಂದಾಗ ಅಡಿಯಿಂದ ಮುಡಿಯವರೆಗೆ ಬದಲಿಸಿದವನು, ಬೇಕೆಂದಾಗ ಒಂದು ಬೆರಳಿಡಲು ಒಲ್ಲೆನೆನ್ನುತ್ತಾನಲ್ಲ, ಇವನನ್ನು ಏನೆನ್ನಬೇಕು! ಮಾವನವರು ಬಹಳ ಹೊತ್ತು ಕುಟ್ಟಿದರು.

"ನಿನ್ನ ಬಿಟ್ಟು ಇನ್ಯಾರಿಗೆ ಹೇಳಲಿ. ಮುಟ್ಟು."

ಅವನು ತನ್ನ ಕನ್ನಡಕ ತೆಗೆದು, ಎರಡು ಗಾಜುಗಳ ಬಲ ಅರ್ಧಕ್ಕೂ ಕಾಗದ ಅಂಟಿಸಿ ಮತ್ತೆ ಹಾಕಿಕೊಂಡ. ಮಂಚದ ಅಂಚಿನಲ್ಲಿ ಮಾವನವರ ಭುಜಕ್ಕೆ ಭುಜ ತಾಗಿಸಿ ಕುಳಿತು, ಅಕ್ಷರವನ್ನು ಸಲಕ್ಕೊಂದು ಕೂದಲೆಳೆಯಷ್ಟು ಕಿರಿದು ಮಾಡುತ್ತ ಹೋದ, ಸಾಲುಗಳ ನಡುವಣ ಜಾಗ ತಗ್ಗಿಸಿದ. ಪ್ರತಿ ಸಲವೂ ಅಂಗಡಿಯಲ್ಲಿ ಕೇಳುವಂತೆಯೇ ಹೀಗೆ ಚೆನ್ನಾಗಿದೆಯೋ ಹೀಗೋ ಎಂದು ಕೇಳಿದ. ಮಾವನವರು ಕಣ್ಣು ಕಿರಿದುಮಾಡುವರು, ತಲೆಯಾಡಿಸುವರು. ಕೊನೆಗೆ ಯಂತ್ರ "ಸಾಕು" ಎಂದಿತು. ಅವನು ಕೈ ತೆಗೆದ. ಕೊಡವಲಿಲ್ಲ, ಇದೇ ಕೊನೆ ಎನ್ನಲೂ ಇಲ್ಲ.

ಆ ವಕೀಲರು ಬಂದು ಕುಳಿತ ದಿನ ಕೋಣೆಯಲ್ಲಿ ಬಹಳ ಹೊತ್ತು ಕೀಲಿಗಳ ಸದ್ದು ಮಾತ್ರವಿತ್ತು. ಆಮೇಲೆ ಯಂತ್ರ ತನ್ನ ಸಪ್ಪೆ ದನಿಯಲ್ಲಿ ಹೇಳಿತು: "ಆ ಕೇಸಿನಲ್ಲಿ ನೀನು ಹೇಳಿದ್ದೇ ಸರಿ ಇತ್ತು. ನಾಲಿಗೆ ಇದ್ದಾಗ ನಾನು ಅದನ್ನು ಹೇಳಲಿಲ್ಲ." ಅತಿಥಿ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. "ಗೊತ್ತಿತ್ತು ಬಿಡೋ" ಎಂದರು ಕೊನೆಗೆ. ನಾನು ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ಬಾಗಿಲಲ್ಲಿ ನಿಂತಿದ್ದ ಷಡ್ಡಕ ತಲೆ ಓರೆಮಾಡಿ ಪರದೆಯನ್ನೇ ದಿಟ್ಟಿಸುತ್ತಿದ್ದ. "ಭಾವ, ಆ ಅಕ್ಷರದ ಅಂಚು ಸ್ವಲ್ಪ ಒರಟಾಯ್ತು ಅಲ್ವಾ?" ಎಂದು ನನ್ನ ಕಿವಿಯಲ್ಲಿ ಉಸುರಿದ. ಕೋಟು ಹಿಡಿದು ಅವನನ್ನು ಹಜಾರಕ್ಕೆ ಎಳೆದೊಯ್ದೆ.

ಇಂಥವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಇದ್ದುದರಲ್ಲಿ ಹೊಂದಿಕೊಂಡು ಬಾಳುವ ನಮ್ಮಂಥವರಿಂದಲೇ ಲೋಕದ ಸಂಸಾರ ನಡೆಯುತ್ತದೆ. ಕೊಟ್ಟ ಪರದೆಯನ್ನು ಕೊಟ್ಟಂತೆ ಒಪ್ಪಿಕೊಂಡು ನಾವು ಕೆಲಸ ಮುಗಿಸಿ ಏಳುತ್ತೇವೆ, ಇವರು ಕೆಲಸಕ್ಕೆ ಕೂರುವ ಮೊದಲು ಕುರ್ಚಿಯನ್ನೇ ಬಿಚ್ಚಿ ಹರಡುತ್ತಾರೆ. ಇವರೊಡನೆ ಬಾಳುವವರ ತಾಳ್ಮೆಗೆ ಯಾರೂ ಬಿರುದು ಕೊಡುವುದಿಲ್ಲ. ಆದರೆ ಹೊಂದಿಕೊಳ್ಳುವುದರಲ್ಲಿ ಅಷ್ಟು ನಿಪುಣರಾದ ನಾವು ಮಾವನವರ ಮೌನಕ್ಕೂ ಹೊಂದಿಕೊಂಡುಬಿಟ್ಟಿದ್ದೆವು. ಅವರ ಕಿವಿಯ ಬಳಿ ಬಾಗಿ ಜೋರಾಗಿ ಮಾತಾಡುವುದನ್ನು ಕಲಿತಿದ್ದೆವು. ಅದನ್ನು ಒಪ್ಪದೆ ಹೋದವನು ಮನೆಯಲ್ಲಿ ಇವನೊಬ್ಬನೇ.