ಇನ್ನೊಬ್ಬ ಗುರುಬಾಯಿ

“ಗಂಡನ ಹೆಸರು ಹೇಳಿ ಅಕ್ಕ,” ಅಂದೆ.

ಎತ್ತರದ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧಾರಾವಿಯ ಬಾಲವಾಡಿ ಕೋಣೆಯಲ್ಲಿ ಅವಳ ಹಿಂದೆ ಹತ್ತು ಹನ್ನೆರಡು ಮಂದಿ ಸಾಲುಗಟ್ಟಿದ್ದರು. ಎಲ್ಲರೂ ಕಲಬುರಗಿ ಕಡೆಯವರು, ಪ್ಲಾಸ್ಟಿಕ್ ಆರಿಸುವ ಕೆಲಸದವರು. ನನಗೆ ಕನ್ನಡ ಬರುತ್ತದೆಂದು ಕ್ಯಾನ್ಸರ್ ತಪಾಸಣೆಯ ರಿಜಿಸ್ಟರ್ ಬರೆಯಲು ಆರೋಗ್ಯ ಸಂಸ್ಥೆಯವರು ಘಾಟ್ಕೋಪರ್‌ನಿಂದ ಕರೆಸಿಕೊಂಡಿದ್ದರು.

“ಆಕಿ ಹೇಳಂಗಿಲ್ರಿ ಮೇಡಂ. ಗಂಡನ ಹೆಸರ ತಗೊಂಡ್ರ ಅವನ ಆಯುಷ್ಯ ಕಮ್ಮಿ ಆಗ್ತದಂತ,” ಎಂದು ಸಾಲಿನ ಹಿಂದಿನಿಂದ ಅವಳದೇ ಗಲ್ಲಿಯ ನಾಗರತ್ನಾ ಕೂಗಿದಳು. “ಭೀಮರಾಯ ಅಂತ ಬರ್ಕೋರಿ!”

ಕೋಣೆಯೆಲ್ಲ ನಗು. ಎತ್ತರದವಳು ನಾಗರತ್ನಾಳ ತೋಳಿಗೆ ಹೊಡೆದಳೇ ಹೊರತು ಅಲ್ಲ ಅನ್ನಲಿಲ್ಲ. ಅಲ್ಲ ಅಂದರೆ ಸರಿಯಾದ ಹೆಸರನ್ನು ಅವಳೇ ಹೇಳಬೇಕಾಗುತ್ತಿತ್ತು. ಇದು ನನಗೆ ಹೊಳೆಯಬೇಕಿತ್ತು. ಆದರೆ ನಾನಾಗಲೇ ಅಜ್ಜಿಯ ಕತೆಯೊಂದರೊಳಗೆ ಇಳಿದುಬಿಟ್ಟಿದ್ದೆ. ಅದರಲ್ಲಿ ಹೆಂಡತಿಯ ಬಾಯಿಂದ ತನ್ನ ಹೆಸರು ಕೇಳಿದ ಕೂಡಲೇ ಗಂಡ ಹಾವಾಗಿ ಹೊಳೆಗೆ ಇಳಿದುಹೋಗುತ್ತಾನೆ. ನನ್ನ ಮನಸ್ಸು ಆ ಹೊಳೆಯ ದಂಡೆಯಲ್ಲಿತ್ತು; ಪೆನ್ನು ತನ್ನಷ್ಟಕ್ಕೆ ‘ಗುರುಬಾಯಿ ಭೀಮರಾಯ’ ಎಂದು ಬರೆಯಿತು.

ಮೂವರಾದ ಮೇಲೆ ಗಿಡ್ಡ ಹೆಂಗಸೊಬ್ಬಳು ಬಂದಳು. ಅವಳ ಹೆಸರೂ ಗುರುಬಾಯಿ. ಅವಳೂ ಬಾಯಿ ಮುಚ್ಚಿಕೊಂಡಳು.

“ಹಂಗಾರ ಈಕಿ ಗಂಡ ಯಲ್ಲಾಲಿಂಗ!” ಅಂದಳು ನಾಗರತ್ನಾ. ಈ ಸಲ ನಗು ಬೀದಿಯವರೆಗೂ ಕೇಳಿಸಿತು. ನಾನೂ ನಕ್ಕೆ, ಬರೆದೆ. ಇಬ್ಬರದೂ ಒಂದೇ ಗಲ್ಲಿ. ಮನೆಯ ಮೊಬೈಲ್ ಗಂಡಂದಿರ ಕಿಸೆಯಲ್ಲಿ ಇರುತ್ತದೆಂದು ಇಬ್ಬರೂ ನಾಗರತ್ನಾಳ ನಂಬರನ್ನೇ ಕೊಟ್ಟರು.

ಪರದೆಯ ಹಿಂದೆ ಡಾಕ್ಟರ್ ಸೌಮ್ಯಾ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ನೀರು ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಅದನ್ನು ದೊಡ್ಡದು ಮಾಡಿ ಸ್ಕ್ರೀನಿನ ಮೇಲೆ ತೋರಿಸುತ್ತದೆ, ಅನುಮಾನ ಬಂದ ಕಡೆ ತಾನೇ ಗೆರೆ ಎಳೆಯುತ್ತದೆ. ಆವತ್ತು ಗೆರೆ ಬಿದ್ದದ್ದು ಒಂದೇ ಚಿತ್ರಕ್ಕೆ, ‘ಗುರುಬಾಯಿ ಭೀಮರಾಯ’ ಎಂಬ ಹೆಸರಿನದಕ್ಕೆ. ಕೆಂಪು ಕೆರೆಯ ಮೇಲೆ ಬೆಳದಿಂಗಳ ತುಂಡು ಬಿದ್ದಂತಿತ್ತು. ಚೆಂದ ಕಂಡಿತು. ಹಾಗೆ ಕಂಡದ್ದಕ್ಕೆ ನಾಚಿಕೆಯೂ ಆಯಿತು.

“ಇದಿನ್ನೂ ಕ್ಯಾನ್ಸರ್ ಅಲ್ಲ,” ಅಂದರು ಸೌಮ್ಯಾ. “ಈಗ ತೆಗೆದ್ರೆ ಮುಗೀತು. ಬಿಟ್ರೆ ಕೆಲವು ವರ್ಷದಲ್ಲಿ ಆಗಬಹುದು. ಕರ್ಕೊಂಡು ಬಾ.”

ನಾನು ನಾಗರತ್ನಾಳಿಗೆ ಫೋನ್ ಮಾಡಿ ಭೀಮರಾಯನ ಹೆಂಡತಿಯನ್ನು ದೊಡ್ಡಾಸ್ಪತ್ರೆಗೆ ಕಳಿಸು ಅಂದೆ. ಅವಳು ಹೋಗಿ ಹೇಳಿದ್ದು ಗಿಡ್ಡ ಗುರುಬಾಯಿಗೆ, ಭೀಮರಾಯನ ನಿಜವಾದ ಹೆಂಡತಿಗೆ. ತಪಾಸಣೆಗೆ ದಿನ ಸಿಕ್ಕಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಸುದ್ದಿ ಗಲ್ಲಿಯೆಲ್ಲ ಹಬ್ಬಿ, ಅತ್ತೆ ಅವಳ ತಾಟು ಲೋಟ ಬೇರೆ ಇಟ್ಟಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸೌಮ್ಯಾ ಅವಳನ್ನು ಅದೇ ಕ್ಯಾಮೆರಾದಿಂದ ನೋಡಿದರು. ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು.

“ಇದು ಅವಳಲ್ಲ, ನಿಶಾ. ಪಕ್ಕಾ ಅಲ್ಲ. ಹಳೇದು ನೋಡು, ಬಾಯಿ ಅಡ್ಡ ಗೀರಿನ ಹಾಗಿದೆ. ಅದು ಹೆತ್ತವಳದ್ದು. ಇವಳದ್ದು ಚುಕ್ಕಿಯಷ್ಟು ದುಂಡಗಿದೆ, ಕಲೆಯೂ ಇಲ್ಲ. ಮಕ್ಕಳಿದ್ದಾವಾ ಕೇಳು.”

ನಾನು ಕೇಳಲಿಲ್ಲ. ಗಿಡ್ಡ ಗುರುಬಾಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಬಾಲವಾಡಿಯ ಆ ನಗು ಈಗ ಅರ್ಥವಾಯಿತು: ನಾಗರತ್ನಾ ಇಬ್ಬರ ಗಂಡಂದಿರ ಹೆಸರನ್ನೂ ಅದಲುಬದಲು ಮಾಡಿದ್ದಳು. ಹೊರಗೆ ಬಂದು ನಾಗರತ್ನಾಳಿಗೆ ಫೋನ್ ಮಾಡಿದೆ.

“ಅಯ್ಯ ಎವ್ವಾ, ನಾ ನಗಸ್ಲಾಕ ಮಷ್ಕಿರಿ ಮಾಡಿದ್ನಿರಿ!” ಎಂದು ಅವಳು ಅಳತೊಡಗಿದಳು. “ಆ ಇನ್ನೊಬ್ಬಾಕಿ ಇವತ್ತ ಸಂಜಿ ಗಾಡಿಗಿ ಹೊಂಟಾಳ. ಹೈದರಾಬಾದಿನಾಗ ಗಂಡಗ ಬಿಲ್ಡಿಂಗ್ ಕೆಲಸ ಸಿಕ್ಕದ.”

ಒಮ್ಮೆ ಹೋದರೆ ಯಾವ ಕಟ್ಟಡದ ಯಾವ ಶೆಡ್ಡಿನಲ್ಲಿ ಅವಳನ್ನು ಹುಡುಕುವುದು? “ನಾಲ್ಕರ ತನಕ ಇರ್ತೇನೆ,” ಅಂದರು ಸೌಮ್ಯಾ. ಟ್ಯಾಕ್ಸಿಯಲ್ಲಿ ಗಿಡ್ಡ ಗುರುಬಾಯಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಧಾರಾವಿಯಲ್ಲಿ ಇಳಿದ ಮೇಲೆ ಅವಳೇ ಮುಂದೆ ನಡೆದು ಎತ್ತರದವಳ ಮನೆ ತೋರಿಸಿ, ಹೊಸ್ತಿಲಾಚೆ ನಿಂತಳು.

ಎತ್ತರದ ಗುರುಬಾಯಿ ಗಂಟು ಕಟ್ಟುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಕಟ್ಟುವುದನ್ನು ಮುಂದುವರಿಸಿದಳು.

“ನನಗ ಏನೂ ಇಲ್ಲ ಅಂದ್ರಿ. ಆಕಿಗಿ ಅದ ಅಂದ್ರಿ. ಈಗ ನನಗ ಅದ ಅಂತೀರಿ. ನಾಳಿಗಿ ಯಾರಿಗಿ?”

“ತಪ್ಪು ನನ್ನದು ಅಕ್ಕ. ನಾನೇ ಬರೆದದ್ದು.”

“ಬರ್ಯಾವ್ರು ನೀವ್, ಸಾಯಾವ್ರು ನಾವ್.”

ಹೊರಗೆ ಯಲ್ಲಾಲಿಂಗ ಚೀಲ ಹೆಗಲಿಗೇರಿಸಿ, ಎರಡು ಮಕ್ಕಳ ಕೈ ಹಿಡಿದು ನಿಂತಿದ್ದ. “ಗಾಡಿ ತಪ್ತದ ನೋಡು,” ಅಂದ. ಅವಳು ನಂಬಬೇಕಾದದ್ದು ಒಮ್ಮೆ ಸುಳ್ಳು ಬರೆದ ಕೈಯನ್ನು.

ಆಗ ಗಿಡ್ಡ ಗುರುಬಾಯಿ ಒಳಗೆ ಬಂದು ಗಂಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ನಿನ್ನ ಪಾಲಿಂದು ಹತ್ತ ದಿನ ನಾ ಅತ್ತೀನಿ,” ಅಂದಳು. “ಉಳದಿದ್ದು ನೀ ಬಂದು ಅಳು. ಏಳು.”

ಎತ್ತರದವಳ ಕೈ ನಿಂತಿತು. “ನೂಸ್ತದೇನು, ಭಾಳ ನೋವ ಆಗ್ತದೇನು?” ಎಂದು ಕೇಳಿದಳು.

“ನೋಡೂದು ನೂಸಂಗಿಲ್ಲ. ತಣ್ಣಗ ಆಗ್ತದ. ನಾಚಿಕಿ ಆಗ್ತದ. ತೆಗಿಯೂದು ನನಗ ಗೊತ್ತಿಲ್ಲ. ನಾ ಹೊರಗ ಕುಂದರ್ತೀನಿ.”

ಎತ್ತರದವಳು ಗಂಟು ಬಿಚ್ಚಿ ಒಗೆದ ಸೀರೆಯೊಂದನ್ನು ತೆಗೆದಳು. ಬಾಗಿಲಿಗೆ ಹೋಗಿ ಗಂಡನಿಗೆ, “ಮಕ್ಕಳ್ನ ಕರ್ಕೊಂಡ್ ನೀವ್ ಮುಂದ ನಡೀರಿ. ನಾ ಹಿಂದಿಂದ ಬರ್ತೀನಿ,” ಅಂದಳು. ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ, ಮಕ್ಕಳನ್ನು ಎಳೆದುಕೊಂಡು ನಡೆದ. ಚಿಕ್ಕದು ತಿರುತಿರುಗಿ ನೋಡುತ್ತಲೇ ಹೋಯಿತು.

ರಸ್ತೆಯಲ್ಲಿ ಟ್ಯಾಕ್ಸಿ ನಿಲ್ಲಿಸಿದೆ. ಇಬ್ಬರೂ ಹಿಂದೆ ಕೂತರು.

“ಈಕಿನೂ ಬರ್ತಾಳೇನು?” ನನ್ನ ಕಡೆ ಕೈ ಮಾಡಿ ಎತ್ತರದವಳು ಕೇಳಿದ್ದು ನನ್ನನ್ನಲ್ಲ.

“ಬರಲಿ ಬಿಡು,” ಅಂದಳು ಗಿಡ್ಡ ಗುರುಬಾಯಿ. “ದಾರಿಯರ ಗೊತ್ತದ ಆಕಿಗಿ.”