ಬಾಚಣಿಗೆಯ ಜೊತೆ ಹೋದ ಬಾಯಿಬಡುಕ

ಕಳೆದುಹೋದದ್ದು ಬರಿಯ ಸಾಮಾನಾಗಿದ್ದರೆ ನಾನು ಅಷ್ಟು ರಂಪ ಮಾಡುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಗೊಂಬೆ ಮಾರುವವಳಿಗೆ ಪಾರ್ಸೆಲ್ ಕಳೆದುಹೋಗುವುದು ಅಡುಗೆಯವರಿಗೆ ಕೈ ಸುಡುವಷ್ಟೇ ಮಾಮೂಲು. ಕ್ಷಮಿಸಿ ಎಂದು ಬರೆಯುತ್ತೇನೆ, ಅಂಥದೇ ಇನ್ನೊಂದು ಗೊಂಬೆ ಹೊಲಿದು ಕಳಿಸುತ್ತೇನೆ, ಕೊರಿಯರ್‌ನವರನ್ನು ಮನಸಾರೆ ಬೈದು ಊಟಕ್ಕೆ ಕೂರುತ್ತೇನೆ. ಆದರೆ ಈ ಸಲ ಕಾಣೆಯಾಗಿದ್ದವನು ಬಾಯಿಬಡುಕ. ಅವನಂಥ ಇನ್ನೊಬ್ಬನನ್ನು ಹೊಲಿಯಲು ಯಾರಿಂದಲೂ ಸಾಧ್ಯವಿರಲಿಲ್ಲ.

ಬಾಯಿಬಡುಕ ಎಂದರೆ ಮರದ ತಲೆ, ಬಟ್ಟೆಯ ಮೈ ಇರುವ ಮಾತನಾಡುವ ಗೊಂಬೆ. ಬೆನ್ನಿನೊಳಗೆ ಕೈ ಹಾಕಿ ಅಲ್ಲಿರುವ ಕಡ್ಡಿ ಒತ್ತಿದರೆ ದವಡೆ ತೆರೆಯುತ್ತದೆ. ಮಾತು ಮಾತ್ರ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡವರದು. ಅವರ ತುಟಿ ಅಲುಗಬಾರದು, ಅದೇ ಆ ವಿದ್ಯೆ. ಅವನ ಒಡತಿ ಸಮುದ್ರದಾಚೆಯ ದೇಶದ ಒಬ್ಬ ಅಜ್ಜಿ. ಹುಡುಗಿಯಾಗಿದ್ದಾಗಿನಿಂದ ವೇದಿಕೆಯ ಮೇಲೆ ಅವನ ಜೊತೆ ಜಗಳವಾಡಿ ಜನರನ್ನು ನಗಿಸಿದವರು. ದವಡೆ ಕಚ್ಚಿಕೊಂಡು, ಕೂದಲು ಉದುರಿ ಅವನು ಮೂಲೆ ಹಿಡಿದಾಗ, ನಾನು ಹಳೆಯ ಗೊಂಬೆಗಳ ರಿಪೇರಿಯನ್ನೂ ಮಾಡುತ್ತೇನೆಂದು ನನ್ನ ಅಂಗಡಿಯ ಪುಟದಲ್ಲಿ ಓದಿ ನನಗೆ ಕಳಿಸಿದ್ದರು.

ದವಡೆ ಬಿಡಿಸಿದೆ. ಕೂದಲಿಗೆ ಅಜ್ಜಿಯೇ ತಮ್ಮ ದೇಶದ ಒಬ್ಬ ವ್ಯಾಪಾರಿಯ ವಿಳಾಸ ಕೊಟ್ಟರು. ಅಲ್ಲಿಂದ ತರಿಸಿ, ಒಂದೊಂದೇ ಎಳೆಯಾಗಿ ನೆಟ್ಟೆ. ಅಜ್ಜಿಯ ಬೀಳ್ಕೊಡುಗೆ ಪ್ರದರ್ಶನ ಹತ್ತಿರ ಬರುತ್ತಿತ್ತು. ಅದಾದ ಮೇಲೆ ವೇದಿಕೆಗೆ ವಿದಾಯ ಎಂದು ಅವರು ನಿರ್ಧರಿಸಿದ್ದರು. ಸಾಕಷ್ಟು ಮುಂಚೆಯೇ ಬಾಯಿಬಡುಕನನ್ನು ಕಳಿಸಿದೆ. ಅವನು ಸಮುದ್ರ ದಾಟಿದ, ಅಲ್ಲಿನ ಕಸ್ಟಮ್ಸ್ ದಾಟಿದ, ಆಮೇಲೆ ಎತ್ತ ಹೋದನೋ ಗೊತ್ತಿಲ್ಲ. ಟ್ರ್ಯಾಕಿಂಗ್ ಪುಟ ಬಾಯಿಗೆ ಬೀಗ ಹಾಕಿಕೊಂಡು ಕೂತಿತು.

ಕೊರಿಯರ್‌ನವರಿಗೆ ಫೋನು ಮಾಡಿ ಮಾಡಿ ನನ್ನ ಗಂಟಲು ಕಟ್ಟಿತು.

"ನಿಮ್ಮ ಪಾರ್ಸೆಲ್ ದಾರೀಲಿದೆ ಮೇಡಂ," ಎಂದಿತು ಆ ಕಡೆಯ ಜೇನಿನಂಥ ದನಿ.

"ಯಾವ ದಾರೀಲಿ?"

"ಅದು ಇಲ್ಲಿ ಕಾಣಿಸ್ತಿಲ್ಲ ಮೇಡಂ."

"ಕಾಣಿಸ್ತಿಲ್ಲ ಅಂದ್ಮೇಲೆ ದಾರೀಲಿದೆ ಅಂತ ಹೇಗೆ ಹೇಳ್ತೀರಿ?"

"ಕಳೆದುಹೋಗಿದೆ ಅಂತಾನೂ ಕಾಣಿಸ್ತಿಲ್ಲ ಮೇಡಂ."

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಳೆದ ಮಾಲಿನ ಬೆಲೆ ಕಟ್ಟಿಕೊಡುತ್ತೇವೆ, ಅರ್ಜಿ ಹಾಕಿ ಎಂದರು. ಬಾಯಿಬಡುಕನಿಗೆ ಯಾರು ಬೆಲೆ ಕಟ್ಟುತ್ತಾರೆ? ನಾನಂತೂ ಫೋನು ಕುಕ್ಕಿದೆ.

ಅಜ್ಜಿಗೆ ವಿಷಯ ತಿಳಿಸುವುದು ಇನ್ನೂ ಕಷ್ಟವಾಯಿತು. ಅವರು ಬೈಯಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು.

"ಅಜ್ಜಿ, ಒಂದು ವೇಳೆ ಸಿಗದೇ ಹೋದ್ರೆ... ಬೇರೆ ಗೊಂಬೆ ಇಟ್ಕೊಂಡು ಮಾಡೋಕಾಗಲ್ವಾ?"

"ಪ್ರಯತ್ನಪಟ್ಟೆ ಮಗಳೇ. ಪಕ್ಕದ್ಮನೆಯವರ ಗೊಂಬೆ ತಂದು ತೊಡೆ ಮೇಲೆ ಕೂರಿಸ್ಕೊಂಡೆ. ಬಾಯಿ ತೆಗೆಸಿದೆ. ನನ್ನ ದನಿಯೇ ಬರಲಿಲ್ಲ." ಆಮೇಲೆ, "ಅವನಿಲ್ಲ ಅಂದ್ರೆ ನಾನು ವೇದಿಕೆ ಹತ್ತಲ್ಲ. ಪ್ರದರ್ಶನದ ದಿನದವರೆಗೆ ಕಾದು, ಟಿಕೆಟ್ ತಗೊಂಡವರಿಗೆ ಹೇಳಿಬಿಡ್ತೀನಿ," ಎಂದರು.

ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಗಂಡ, "ಗೊಂಬೆಗೆ ಇಷ್ಟು ಅಳ್ತೀಯಲ್ಲ, ನಾನು ಕಳೆದುಹೋದ್ರೆ?" ಎಂದು ಕೇಳಿ, ನನ್ನ ಮುಖ ನೋಡಿ, ಉತ್ತರಕ್ಕೆ ಕಾಯದೆ ಕೆಲಸಕ್ಕೆ ಹೋದ.

ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಅಂಗಡಿಯ ಇಮೇಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಗೊಂಬೆಗೂದಲಿನ ವ್ಯಾಪಾರಿಯಿಂದ ಒಂದು ಬಂದಿತ್ತು: 'ನೀವು ಹಿಂದಿರುಗಿಸಿದ ಮಾಲು ನಮ್ಮ ಗೋದಾಮು ತಲುಪಿದೆ. ನಮ್ಮ ಕೂದಲು ನಿಮಗೆ ಹಿಡಿಸದಿದ್ದುದಕ್ಕೆ ವಿಷಾದಿಸುತ್ತೇವೆ.' ಅಳಿಸಲು ಹೋದ ಬೆರಳು ಹಾಗೇ ನಿಂತಿತು. ನಾನು ಯಾವ ಕೂದಲನ್ನೂ ಹಿಂದಿರುಗಿಸಿರಲಿಲ್ಲ. ಅವರ ಕೂದಲು ಬಾಯಿಬಡುಕನ ತಲೆಯ ಮೇಲಿತ್ತು!

"ಮಾವಾ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದೆ.

ನಮ್ಮ ಮಾವ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಈಗ ನನ್ನ ಅಂಗಡಿಯ ಪ್ಯಾಕಿಂಗ್ ವಿಭಾಗಕ್ಕೆ ಅವರೇ ರಾಜ, ಅವರೇ ಮಂತ್ರಿ. ಹೊಸ ರಟ್ಟಿನ ಡಬ್ಬ ಕೊಳ್ಳುವುದು ಅವರ ಪ್ರಕಾರ ಮಹಾಪಾಪ. ಮನೆಗೆ ಬಂದ ಡಬ್ಬವನ್ನು ಅಂಟು ಬಿಡಿಸಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ, ಮತ್ತೆ ಅಂಟಿಸಿದರೆ ಅದು ಹೊಸದಾಯಿತು. ಹಳೆಯ ವಿಳಾಸವೆಲ್ಲ ಒಳಗೆ ಹೋಗುತ್ತದೆ, ಗೊಂದಲವೇ ಇಲ್ಲ ಎಂಬುದು ಅವರ ವಾದ. ಅಲ್ಲಿಯವರೆಗೆ ಗೊಂದಲ ಆಗಿರಲೂ ಇಲ್ಲ.

"ಬಾಯಿಬಡುಕನ್ನ ಯಾವ ಡಬ್ಬದಲ್ಲಿ ಹಾಕಿದ್ರಿ?"

"ಕೂದಲು ಬಂದಿತ್ತಲ್ಲಮ್ಮ, ಆ ಉದ್ದನೇದು. ಅವನ ಕಾಲಿಗೆ ಅದೇ ಸರಿಹೋಯ್ತು."

"ತಿರುಗಿಸಿದ್ರಾ?"

"ತಿರುಗಿಸದೇ ಇರ್ತೀನಾ? ಒಳಗಡೆ ಬಲು ಶುದ್ಧವಾಗಿತ್ತು. ಒಂದೇ ಒಂದು ಚೀಟಿ ಅಂಟಿಸಿದ್ರು, ಗೆರೆ ಗೆರೆ ಇರೋದು. ಕಿತ್ತರೆ ರಟ್ಟು ಹರಿಯುತ್ತೆ ಅಂತ ಬಿಟ್ಟೆ." ಮಾವ ಹೆಮ್ಮೆಯಿಂದ ಮುಗಿಸಿದರು, "ಒದ್ದೆಯಾಗಬಾರದು ಅಂತ ಅದರ ಮೇಲೂ ಟೇಪು ಹಾಕಿದೀನಿ."

ನಾನು ಕುರ್ಚಿಯ ಮೇಲೆ ಕುಸಿದೆ. ಮಾಲು ಹಿಡಿಸದಿದ್ದರೆ ಗಿರಾಕಿಗೆ ತೊಂದರೆಯಾಗದಿರಲಿ ಎಂದು ಕೆಲವು ವ್ಯಾಪಾರಿಗಳು ಮರಳಿ ಕಳಿಸುವ ಚೀಟಿಯನ್ನು ಡಬ್ಬದ ಒಳಮೈಗೇ ಅಂಟಿಸಿರುತ್ತಾರೆ. ಮಾವ ಅದನ್ನು ಹೊರಗೆ ತಂದು, ಟೇಪು ಹಾಕಿ ಕಾಪಾಡಿ ಕಳಿಸಿದ್ದರು. ಕಸ್ಟಮ್ಸ್‌ನವರೆಗೆ ನಮ್ಮ ಕಾಗದಗಳನ್ನು ಮನುಷ್ಯರು ಓದಿದ್ದರು. ಆಮೇಲೆ ಪಾರ್ಸೆಲ್ ಬೇರ್ಪಡಿಸುವ ಯಂತ್ರದ ಕಣ್ಣಿಗೆ ಆ ಗೆರೆ ಗೆರೆ ಚೀಟಿ, ತನ್ನ ದೇಶದ ಬಾರ್‌ಕೋಡ್ ಬಿದ್ದಿತ್ತು. ಅದು ಬಾಯಿಬಡುಕನನ್ನು ನೆಟ್ಟಗೆ ಕೂದಲಿನ ಗೋದಾಮಿಗೆ ಅಟ್ಟಿತ್ತು.

ಆ ಹೊತ್ತಿಗೆ ನನ್ನ ಬಾಯಿಗೆ ಬಂದ ಮಾತನ್ನೆಲ್ಲ ಬರೆಯಲಾರೆ. "ಇನ್ನು ನೀವು ಒಂದು ಡಬ್ಬವನ್ನೂ ಮುಟ್ಟಬೇಡಿ" ಎಂದದ್ದು ಅದರಲ್ಲೆಲ್ಲ ಮೆತ್ತನೆಯದು. ಮಾವ ಟೇಪಿನ ಸುರುಳಿ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ, "ಬೈಗುಳ ಆಮೇಲೂ ಬಯ್ಯಬಹುದಮ್ಮ. ಮೊದಲು ಅವರಿಗೆ ಫೋನ್ ಮಾಡು," ಎಂದರು. ಮಾತು ಸರಿಯಾಗಿಯೇ ಇತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಗೋದಾಮಿನಲ್ಲಿ ಫೋನು ಎತ್ತಿದವನಿಗೆ ನಿದ್ದೆ ಇನ್ನೂ ಬಿಟ್ಟಿರಲಿಲ್ಲ. ನಾನು ವಿಡಿಯೋ ಕರೆ ಮಾಡಿಸಿ, ಡಬ್ಬ ತರಿಸಿ, ಕತ್ತರಿ ಹಿಡಿಸಿದೆ. ಮಾವನ ಟೇಪು ಕತ್ತರಿಸುವುದರಲ್ಲೇ ಅವನಿಗೆ ಅರ್ಧ ಜೀವ ಹೋಯಿತು. ಕೊನೆಗೂ ಮುಚ್ಚಳ ತೆರೆದು ಒಳಗೆ ನೋಡಿದವನು ಒಂದು ಹೆಜ್ಜೆ ಹಿಂದಕ್ಕೆ ಹಾರಿದ.

"ಅಯ್ಯೋ! ಯಾರೋ ಮಲಗಿದಾರೆ ಮೇಡಂ!"

"ಅವನೇ ಅಣ್ಣಾ, ಅವನೇ! ಬೆನ್ನಲ್ಲಿ ಕೈ ಹಾಕಿ ಆ ಕಡ್ಡಿ ಒತ್ತಿ ನೋಡಿ."

ಒತ್ತಿದ. ಬಾಯಿಬಡುಕ ಫೋನಿನೊಳಗಿಂದ ನನ್ನನ್ನು ನೋಡಿ ಬಾಯಿ ತೆರೆದ, ಮುಚ್ಚಿದ. ಮೈ ಮೇಲೆ ಒಂದು ಗೀರೂ ಇರಲಿಲ್ಲ. ನಾನು ಅಳುತ್ತಾ ನಕ್ಕೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅಜ್ಜಿಯ ದೇಶದಲ್ಲೇ, ಅವರ ಊರಿಗೆ ಅರ್ಧ ದಿನದ ದಾರಿಯಲ್ಲೇ ಅವನು ಕೂದಲಿನ ರಾಶಿಯ ನಡುವೆ ಸುಖವಾಗಿ ಮಲಗಿದ್ದ.

"ಅಣ್ಣಾ, ಅವನನ್ನ ಈಗಲೇ ನಾನು ಹೇಳೋ ವಿಳಾಸಕ್ಕೆ ಕಳಿಸಿ. ನಾಳೆ ಸಂಜೆ ಪ್ರದರ್ಶನ."

"ಆಗಲ್ಲ ಮೇಡಂ. ವಾಪಸ್ ಬಂದ ಮಾಲು ನಮ್ಮದಲ್ಲ ಅಂದ್ರೆ ಬಂದ ವಿಳಾಸಕ್ಕೇ ಹೋಗ್ಬೇಕು. ಅಂದ್ರೆ ನಿಮ್ಮ ಮನೆಗೆ. ಕಂಪ್ಯೂಟರು ಬೇರೆ ವಿಳಾಸ ತಗೊಳ್ಳಲ್ಲ."

"ಇಲ್ಲಿಗಾ? ಮತ್ತೆ ಸಮುದ್ರ ದಾಟಿಸ್ತೀರಾ?"

"ನಿಯಮ ಮೇಡಂ."

ಎಂಥ ನಿಯಮ! ಮನೆಯ ಹೊಸ್ತಿಲವರೆಗೆ ಬಂದವನನ್ನು ಕತ್ತು ಹಿಡಿದು ಸಮುದ್ರಕ್ಕೆ ತಳ್ಳುವ ನಿಯಮ! ಕೂಗಾಡಲು ಬಾಯಿ ತೆರೆದವಳಿಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ನಾನೂ ಅಂಗಡಿ ನಡೆಸುವವಳೇ. ನನ್ನ ಕಂಪ್ಯೂಟರೂ ವಾಪಸ್ ಬಂದದ್ದಕ್ಕೆ ನೂರು ತಕರಾರು ತೆಗೆಯುತ್ತದೆ. ಆದರೆ ಹೊಸ ಆರ್ಡರ್ ಬಂದರೆ ಬಾಲ ಅಲ್ಲಾಡಿಸಿಕೊಂಡು ಓಡುತ್ತದೆ, ಗಿರಾಕಿ ಹೇಳಿದ ವಿಳಾಸಕ್ಕೆ ತಲುಪಿಸುತ್ತದೆ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಬೇಕು.

"ಅಣ್ಣಾ, ನಿಮ್ಮ ಅಂಗಡೀಲಿ ಎಲ್ಲಕ್ಕಿಂತ ಅಗ್ಗದ ವಸ್ತು ಯಾವುದು?"

"ಗೊಂಬೆ ಬಾಚಣಿಗೆ. ಯಾಕೆ?"

"ಒಂದು ಆರ್ಡರ್ ಮಾಡ್ತಿದೀನಿ. ಮರುದಿನವೇ ತಲುಪಿಸೋ ತುರ್ತು ಸೇವೇಲಿ. ಆ ಬಾಚಣಿಗೇನ ಪ್ಯಾಕ್ ಮಾಡೋದು ನೀವೇ ಅಲ್ವಾ?"

"ನಾನೇ."

"ಯಾವ ಡಬ್ಬದಲ್ಲಿ ಹಾಕ್ಬೇಕು ಅಂತ ನಿಯಮ ಏನಾದ್ರೂ ಇದೆಯಾ?"

ಅವನ ಮುಖದ ಮೇಲೆ ನಿದ್ದೆ ಬಿಟ್ಟು ನಗು ಹತ್ತುವುದು ನನಗೆ ಕಾಣಿಸಿತು.

"ಇಲ್ಲ ಮೇಡಂ. ಬಾಚಣಿಗೆ ಜೊತೆ ತಲೇನೂ ಕಳಿಸಬಾರದು ಅಂತಾನೂ ಎಲ್ಲೂ ಬರೆದಿಲ್ಲ."

ಅಜ್ಜಿಯ ಪ್ರದರ್ಶನದ ಸಭಾಂಗಣದ ಹಿಂಬಾಗಿಲಿನ ವಿಳಾಸವನ್ನು ಮಾವ ಗಟ್ಟಿಯಾಗಿ ಓದಿ ಹೇಳಿದರು, ನಾನು ತುಂಬಿದೆ. ಬಾಚಣಿಗೆಗಿಂತ ಅದರ ಸಾಗಣೆಯೇ ದುಬಾರಿ, ಮೂಗಿಗಿಂತ ಮೂಗುತಿ ಭಾರ. ಆಗಲಿ! ಗೋದಾಮಿನವನು ನಮ್ಮ ಕಣ್ಣೆದುರೇ ಹೊಸ ಡಬ್ಬದಲ್ಲಿ ಬಾಯಿಬಡುಕನನ್ನು ಮಲಗಿಸಿ, ಅವನ ಮುಷ್ಟಿಗೆ ಬಾಚಣಿಗೆ ಸಿಕ್ಕಿಸಿದ.

"ಒಳಗಡೆ ಯಾವ ಚೀಟೀನೂ ಇಲ್ಲ ತಾನೇ?" ಎಂದು ಮಾವ ನನ್ನ ಭುಜದ ಮೇಲಿಂದ ಕೇಳಿದರು. ಅಷ್ಟು ಸಿಟ್ಟಿನಲ್ಲೂ ನಾನು ನಕ್ಕುಬಿಟ್ಟೆ. ಆಮೇಲೆ ಅಜ್ಜಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ, ಟಿಕೆಟ್ ತಗೊಂಡವರಿಗೆ ಏನೂ ಹೇಳಬೇಡಿ ಎಂದೆ.

ಮರುದಿನ ಅಜ್ಜಿಯ ಸಂದೇಶ ಬಂತು: 'ಬಂದ. ಕೈಯಲ್ಲಿ ಬಾಚಣಿಗೆ ಹಿಡಿದಿದ್ದಾನೆ, ಪೋಕರಿ.' ನಾನು ಅಡುಗೆಮನೆಯಲ್ಲಿ ಕುಣಿದೆ. ಕುಣಿದೆ ಎಂದರೆ ನಿಜವಾಗಿಯೂ ಕುಣಿದೆ, ಒಂದು ತಟ್ಟೆಯೂ ಒಡೆಯಿತು.

ಅಲ್ಲಿನ ಸಂಜೆಗೆ ಸಭಾಂಗಣದವರೊಬ್ಬರು ಫೋನನ್ನು ವೇದಿಕೆಯ ಕಡೆ ತಿರುಗಿಸಿ ನಮಗೂ ಪ್ರದರ್ಶನ ತೋರಿಸಿದರು. ನಾನು, ಗಂಡ, ಮಾವ ಮೂವರೂ ಒಂದೇ ಪರದೆಗೆ ಮುಖ ಹಚ್ಚಿ ಕೂತೆವು. ವೇದಿಕೆಯ ತೆರೆ ಸರಿಯಿತು. ಅಜ್ಜಿ ಪುಟ್ಟ ಕುರ್ಚಿಯ ಮೇಲೆ, ಬಾಯಿಬಡುಕ ಅವರ ತೊಡೆಯ ಮೇಲೆ. ಅವನು ಬಾಯಿ ತೆರೆದ. ದನಿ ಬರಲಿಲ್ಲ. ಮತ್ತೆ ತೆರೆದ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಏನೇ ಮುದುಕಿ," ಎಂದ ಬಾಯಿಬಡುಕ, ಸಭಾಂಗಣದ ಕೊನೆಯ ಸಾಲಿಗೂ ಕೇಳುವ ಹಾಗೆ. "ನಾನು ಬರಲ್ಲ ಅಂದ್ಕೊಂಡಿದ್ಯಾ?"

ನಗು ಭೋರೆಂದು ಬಂತು. ಅಲ್ಲಿಂದ ಮುಂದೆ ಅವನ ಬಾಯಿಗೆ ಬ್ರೇಕೇ ಇರಲಿಲ್ಲ. ತಾನು ಸಮುದ್ರ ದಾಟಿದ್ದು, ವಿಗ್‌ಗಳ ನಡುವೆ ವಾಸ ಮಾಡಿದ್ದು, ಬೋಳು ತಲೆಯವರನ್ನು ಕಂಡರೆ ಈಗ ಕರುಣೆ ಬರುವುದು, ಎಲ್ಲವನ್ನೂ ಹೇಳಿದ. ಅಜ್ಜಿಯ ತುಟಿ ಒಂದಿಷ್ಟೂ ಅಲುಗಲಿಲ್ಲ. ಕೊನೆಗೆ ಅವರು ಅವನನ್ನು ತೋಳಿನ ಮೇಲೆ ಎತ್ತಿಕೊಂಡೇ ಎದ್ದು ನಿಂತು, ಇದು ತಮ್ಮ ಕೊನೆಯ ಪ್ರದರ್ಶನ, ಎಲ್ಲರಿಗೂ ವಂದನೆ ಎಂದು ಬಾಗಿದರು. ಸಭೆ ಗಂಭೀರವಾಯಿತು.

ಬಾಯಿಬಡುಕ ತಲೆ ತಿರುಗಿಸಿ ಅವರನ್ನು ನೋಡಿದ.

"ಕೊನೇದು ಅಂತ ಯಾರನ್ನ ಕೇಳಿ ಹೇಳಿದೆ?"

"ಯಾರನ್ನೂ ಕೇಳಿಲ್ಲ," ಎಂದರು ಅಜ್ಜಿ. ಅವರ ದನಿ ಮೊದಲ ಬಾರಿಗೆ ನಡುಗಿತು. ಬರೆದಿಟ್ಟುಕೊಂಡ ಮಾತು ಅದಲ್ಲವೆಂದು ನನಗೆ ಆಗಲೇ ಹೊಳೆಯಿತು.

"ನಾನು ಇಷ್ಟು ದೂರ ಬಂದಿದ್ದು ಮೂಲೇಲಿ ಕೂರೋಕಾ?"

ಅಜ್ಜಿ ಅವನನ್ನೇ ನೋಡುತ್ತಾ ನಿಂತರು. ಆಮೇಲೆ ನಿಧಾನವಾಗಿ ಅದೇ ಕುರ್ಚಿಯ ಮೇಲೆ ಮತ್ತೆ ಕೂತರು. ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು, ಇಲ್ಲಿ ನಮ್ಮ ಮನೆಯಲ್ಲಿ ಮಾವನೂ ಎದ್ದು ನಿಂತರು. ಗದ್ದಲ ಇಳಿಯುವವರೆಗೆ ಕಾದು ಬಾಯಿಬಡುಕ ಹೇಳಿದ, "ಮುಂದಿನ ತಿಂಗಳು ಇದೇ ಜಾಗ, ಇದೇ ಹೊತ್ತು. ಎಲ್ಲರೂ ಬನ್ನಿ."