ಕೈಗೆಟುಕುವ ಕತ್ತರಿ

ಸೊಂಟ ನೋವು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಸಿಟ್ಟು. ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಸಿಗುವುದು ಕಷ್ಟ. ಮೂಲೆ ಅಂಗಡಿಯ ದರ್ಜಿಗಂತೂ ಎಲ್ಲವೂ ಇದ್ದವು.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಹೊಲಿದ ಕೋಟು ಹಾಕಿಕೊಂಡರೆ ಬಾಗಿದ ಬೆನ್ನೂ ನೆಟ್ಟಗೆ ಕಾಣುತ್ತಿತ್ತು. ತನ್ನ ಬೆನ್ನು ಬಾಗುತ್ತಿರುವುದು ಮಾತ್ರ ಅವನ ಗಮನಕ್ಕೆ ಬರಲಿಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದ ಮೇಲೆ ಕಾಲಿನಿಂದ ತುಳಿಯುವ ಕೆಲಸವೂ ತಪ್ಪಿತ್ತು. ಅದರ ಮೇಲೆ ಹೆಂಡತಿಯ ಅಕ್ಕರೆ ಬೇರೆ. ಗಂಡ ಪದೇ ಪದೇ ಏಳಬಾರದೆಂದು ಎಲ್ಲವನ್ನೂ ಅವನ ಕೈಗೆಟುಕುವ ಹಾಗೆ ಜೋಡಿಸಿದ್ದಳು. ಕತ್ತರಿಗೆ ದಾರ ಕಟ್ಟಿ ಮೇಜಿಗೆ ತೂಗುಬಿಟ್ಟಿದ್ದಳು. ಬಲಕ್ಕೆ ಇಸ್ತ್ರಿಪೆಟ್ಟಿಗೆ, ಎಡಕ್ಕೆ ಗುಂಡಿಗಳ ಡಬ್ಬಿ, ಕಾಲ ಬಳಿ ಚಹಾದ ಫ್ಲಾಸ್ಕು. ಊಟವೂ ಅಲ್ಲೇ, ಹೊತ್ತಲ್ಲದ ಹೊತ್ತಿನಲ್ಲಿ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಎಂದು ಈ ಮಹಾರಾಯ ನೀರನ್ನೇ ಕಡಿಮೆ ಮಾಡಿಬಿಟ್ಟಿದ್ದ!

ಮಗಳು ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪಾಠ ಬರೆಯುತ್ತಿದ್ದಳು. ಒಂದು ಸಂಜೆ ಬಣ್ಣದ ಕಾಗದ ಕತ್ತರಿಸಲು ದಾರ ಬಿಚ್ಚಿ ಕತ್ತರಿ ತೆಗೆದುಕೊಂಡಳು. ಆಮೇಲೆ ಅದನ್ನು ಕಿಟಕಿಯಲ್ಲಿ ಇಟ್ಟು ಮರೆತಳು. ಅಪ್ಪ ಕೈ ಚಾಚಿದ, ಕತ್ತರಿ ಇಲ್ಲ. ಗಿರಾಕಿಗಳ ಎದುರೇ ಅರಚಿದ:

"ಇನ್ಮೇಲೆ ನಿನ್ನ ಮುಖ ಈ ಅಂಗಡೀಲಿ ಕಾಣಿಸ್ಬಾರ್ದು!"

ಅಂದಿನಿಂದ ಅವಳು ಬರಲಿಲ್ಲ. ಮನೆಯಲ್ಲೂ ಅಪ್ಪ ಒಳಗೆ ಬಂದರೆ ಅವಳು ಪಕ್ಕದ ಕೋಣೆಗೆ ಹೋಗುತ್ತಿದ್ದಳು. ತಪ್ಪು ತನ್ನದೇ ಎಂದು ಅವನಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಬರದೆ, ಹಾಸಿಗೆಯಲ್ಲಿ ಫೋನು ಉಜ್ಜುತ್ತಾ ಬಿದ್ದುಕೊಳ್ಳುತ್ತಿದ್ದ.

ಹೀಗಿರುವಾಗ ಆಸ್ಪತ್ರೆಯ ನರ್ಸು ತನ್ನ ಸಮವಸ್ತ್ರ ಸಡಿಲ ಮಾಡಿಸಲು ಬಂದಳು. ದರ್ಜಿ ಟೇಪು ಹಿಡಿದು, ಮೇಜಿಗೆ ಕೈಯೂರಿ, "ಅಯ್ಯಮ್ಮಾ" ಎನ್ನುತ್ತಾ ಎದ್ದ.

"ಊರಿನವರ ಅಳತೆ ಎಲ್ಲಾ ತಗೋತೀರಿ. ನಿಮ್ಮ ಅಳತೆ ಯಾವಾಗ ತಗೊಂಡಿದ್ರಿ ಅಣ್ಣ?" ಎಂದಳು ನರ್ಸು.

"ನನ್ನದ್ಯಾಕೆ? ಪ್ಯಾಂಟು ಬಿಗಿ ಆದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೋತೀನಿ. ಬಟ್ಟೆ ಸ್ವಲ್ಪ ಕುಗ್ಗಿರುತ್ತೆ, ಅಷ್ಟೇ."

ಗುಂಡಿ ಹಚ್ಚುತ್ತಿದ್ದ ಹೆಂಡತಿ ನಕ್ಕಳು. "ಇವರ ಬಟ್ಟೆ ಒಂದೇ ಕುಗ್ಗೋದು ನೋಡಿ ಸಿಸ್ಟರ್!"

ನರ್ಸು ಚೀಲದಿಂದ ಬಿಪಿ ಯಂತ್ರ ತೆಗೆದು ನೋಡಿದಳು. ಇರಬೇಕಾದುದಕ್ಕಿಂತ ಹೆಚ್ಚಿತ್ತು.

"ನಾಳೇನೇ ಆಸ್ಪತ್ರೆಗೆ ಬಂದು ಡಾಕ್ಟರಿಗೆ ತೋರಿಸಿ. ಜೊತೆಗೆ ದಿನಾ ಸ್ವಲ್ಪ ನಡೀಬೇಕು."

"ವಾಕಿಂಗು ಗೀಕಿಂಗು ಎಲ್ಲಾ ಸಾಹುಕಾರ್ರಿಗೆ. ಬೆಳಗಿಂದ ದುಡಿಯೋನಿಗೆ ಯಾಕಮ್ಮಾ?"

"ದುಡಿಯೋದು ನಿಮ್ಮ ಕೈ ಅಣ್ಣ. ಕಾಲು, ಸೊಂಟ ಕೂತಲ್ಲೇ ಕೂತಿವೆ. ಅರ್ಧ ಗಂಟೆಗೊಂದ್ಸಲ ಎದ್ದು ಮೈ ಸಡಿಲ ಮಾಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನೀರು ಕುಡೀರಿ. ಸಂಜೆ ಮೇಲೆ ಚಹಾ ಬೇಡ. ಮಲಗುವಾಗ ಫೋನು ಬೇರೆ ಕೋಣೇಲಿರ್ಲಿ. ನಿದ್ದೆ ಇಲ್ದೆ, ಹೊತ್ತಿಗೆ ಊಟ ಇಲ್ದೆ ಕೂತ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ?"

ಸಿಟ್ಟು ಎಂಬ ಮಾತು ಬಂದದ್ದೇ ತಡ, ದರ್ಜಿಯ ಮುಖ ಬಾಡಿತು. ಟೇಪನ್ನು ಸುತ್ತುತ್ತಾ ಕುಳಿತ.

"ನನ್ನ ಮಗಳು ನನ್ನ ಕಂಡ್ರೆ ಹೆದರ್ತಾಳೆ ಸಿಸ್ಟರ್," ಎಂದ.

"ಇದನ್ನ ಅವಳ ಹತ್ರಾನೂ ಹೇಳಿ. ಮನಸ್ಸಿನ ಭಾರ ಇಳೀದಿದ್ರೆ ಅದನ್ನೂ ಡಾಕ್ಟರ ಹತ್ರ ಹೇಳ್ಬೋದು. ನಾಚಿಕೆ ಪಡೋಕೆ ಏನಿದೆ?"

ಹೆಂಡತಿ ಸೂಜಿ ಕೆಳಗಿಟ್ಟಳು. "ಎಲ್ಲಾ ಕೈಗೆ ಸಿಗ್ಲಿ ಅಂತ ಜೋಡಿಸಿಟ್ಟಿದ್ದು ನಾನೇ. ನಾನೇ ಇವರನ್ನ ಕೂರಿಸಿಬಿಟ್ನಾ?"

"ಅಕ್ಕರೆಯಿಂದ ಜೋಡಿಸಿದ್ರಿ ಅಕ್ಕಾ. ಈಗ ಅಷ್ಟೇ ಅಕ್ಕರೆಯಿಂದ ದೂರ ಇಡಿ."

ಮರುದಿನ ದರ್ಜಿ ಆಸ್ಪತ್ರೆಯಿಂದ ಬಂದು ನೋಡಿದರೆ ಇಸ್ತ್ರಿಪೆಟ್ಟಿಗೆ ಆಚೆ ಗೋಡೆಯ ಬಳಿ, ನೀರಿನ ಪಾತ್ರೆ ಬಾಗಿಲ ಪಕ್ಕ, ಗುಂಡಿಗಳ ಡಬ್ಬಿ ಎತ್ತರದ ಕಪಾಟಿನಲ್ಲಿ. ಕತ್ತರಿಯ ದಾರವೂ ಮಾಯ. "ಇದೇನು ಅಂಗಡಿಯೋ, ಕಣ್ಣಾಮುಚ್ಚಾಲೆಯೋ?" ಎಂದು ಅವನು ಗೊಣಗಿದ. ಗೊಣಗುತ್ತಲೇ ಎದ್ದ. ಡಾಕ್ಟರು ಕೊಟ್ಟ ಮಾತ್ರೆಯನ್ನೂ ತಪ್ಪಿಸಲಿಲ್ಲ. ನೋವು ಒಂದೇ ದಿನಕ್ಕೆ ಓಡಿಹೋಗಲಿಲ್ಲ, ಆದರೆ ಬರಬರುತ್ತಾ ಸೊಂಟ ಹಗುರಾಯಿತು, ಕಣ್ಣಿಗೆ ನಿದ್ದೆ ಹತ್ತಿತು.

ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ನಡೆಸಿಕೊಂಡು ಹೋದ. ದಾರಿಯಲ್ಲಿ, "ಅವತ್ತು ಹಾಗೆ ಬೈದಿದ್ದು ನನ್ನ ತಪ್ಪು ಮಗಳೇ," ಎಂದ. ಅಂದು ಸಂಜೆ ಅವಳು ಚೀಲ ಹೆಗಲಿಗೇರಿಸಿ ಅಂಗಡಿಗೆ ಬಂದಳು.

ಬಣ್ಣದ ಕಾಗದ ಹರಡಿಕೊಂಡು, ಒಂದಷ್ಟು ಕತ್ತರಿಸಿ ಅಂಟಿಸತೊಡಗಿದಳು. ಅಪ್ಪ ಕತ್ತರಿ ಬೇಕೆಂದು ಸುತ್ತ ನೋಡಿದ. ಅದು ಮತ್ತೆ ಕಿಟಕಿಯಲ್ಲಿತ್ತು. ಮಗಳ ಕೈ ಹಾಗೆಯೇ ನಿಂತಿತು. ದರ್ಜಿ ಎದ್ದು, ಕಿಟಕಿಯವರೆಗೆ ನಡೆದು, ಕತ್ತರಿ ಎತ್ತಿಕೊಂಡು ಕೇಳಿದ:

"ನಿನ್ನ ಕೆಲಸ ಆಯ್ತಾ, ಇಲ್ಲಾ ಇನ್ನೂ ಬೇಕಾ?"

"ಇನ್ನೂ ಸ್ವಲ್ಪ ಬೇಕಪ್ಪಾ," ಎಂದಳು ಮಗಳು. ಅವನು ಕತ್ತರಿಯನ್ನು ಅವಳಿಗೆ ಕೊಟ್ಟು, ಅಷ್ಟರಲ್ಲಿ ನೀರು ಕುಡಿದು ಬಂದ.

ಓದುತ್ತಿರುವ ಅಣ್ಣ, ಅಕ್ಕ, ನಿಮಗೂ ಎಲ್ಲವೂ ಕೂತಲ್ಲೇ ಸಿಗುತ್ತಿದೆಯೇ? ಹಾಗಿದ್ದರೆ ಇವತ್ತೇ ಒಂದು ವಸ್ತುವನ್ನು ದೂರ ಇಡಿ. ಹೊತ್ತಿಗೆ ಉಣ್ಣಿ, ನಡೆಯಿರಿ, ಕಣ್ತುಂಬ ನಿದ್ದೆ ಮಾಡಿ, ಮನಸ್ಸಿನಲ್ಲಿರುವುದನ್ನು ಮನೆಯವರೊಡನೆ ಆಡಿ. ಬಿಪಿ ನೋಡಿಸದೆ ಬಹಳ ದಿನವಾಗಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಬನ್ನಿ. ಸರಿ, ಓದಿದ್ದಾಯಿತಲ್ಲ, ಈಗ ಏಳಿ!